ಡಬ್ಬಿಯ ಮೇಲಿನ ವೇಗ, ಕೈಗೆ ಸಿಗುವ ವೇಗ

ಎರಡು ದಿನದ ಮದುವೆ, ಮೂರು ಕ್ಯಾಮೆರಾ. ಒಂದೊಂದು ಕ್ಯಾಮೆರಾ ದಿನಕ್ಕೆ ನಾಲ್ಕು ಗಂಟೆ ಓಡಿದರೂ ಸಾಕು, 24 ಗಂಟೆಯ ವಿಡಿಯೊ ಸೇರುತ್ತದೆ. ಸ್ಟುಡಿಯೊಗಳಲ್ಲಿ ಬಳಕೆಯಲ್ಲಿರುವ ಹಲವು ಕ್ಯಾಮೆರಾಗಳು 4ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ದಾಖಲಿಸುತ್ತವೆ. ಅಂದರೆ ಗಂಟೆಗೆ 45 ಜಿಬಿ. ವಿಡಿಯೊ ಒಂದೇ 1,080 ಜಿಬಿ ಆಯಿತು. ಚಪ್ಪರದಿಂದ ಆರತಕ್ಷತೆಯವರೆಗಿನ ಸಾವಿರಾರು ಫೋಟೊಗಳು, ಡ್ರೋನ್ ದೃಶ್ಯಗಳು ಬೇರೆ. ಹಾಸನವಿರಲಿ, ಹಾವೇರಿಯಿರಲಿ, ವಾರಕ್ಕೆ ಎರಡು ಮದುವೆ ಸಿಕ್ಕರೆ ಸಣ್ಣ ಸ್ಟುಡಿಯೊ ಕೂಡ ಎರಡು ಟಿಬಿಗೂ ಹೆಚ್ಚು ಡೇಟಾವನ್ನು ಎಲ್ಲಾದರೂ ಇಳಿಸಿಡಲೇಬೇಕು.

ಒಂದು ಟಿಬಿ ಇಳಿಸಲು ಎಷ್ಟು ಹೊತ್ತು ಬೇಕು? ಹಳೆಯ ಯುಎಸ್‌ಬಿ 2.0 ದಾರಿಯಲ್ಲಾದರೆ ಸೆಕೆಂಡಿಗೆ ಸುಮಾರು 35 ಎಂಬಿ. ಕೆಲಸ ಮುಗಿಯುವಷ್ಟರಲ್ಲಿ ಎಂಟು ಗಂಟೆ. ಅದೇ ಪೋರ್ಟಬಲ್ ಹಾರ್ಡ್ ಡಿಸ್ಕನ್ನು ಯುಎಸ್‌ಬಿ 3.0 ಪೋರ್ಟಿಗೆ, ಸರಿಯಾದ ಕೇಬಲ್ಲಿನಲ್ಲಿ ಜೋಡಿಸಿದರೆ ಸೆಕೆಂಡಿಗೆ 120 ಎಂಬಿ ಆಸುಪಾಸು. ಎರಡೂಕಾಲು ಗಂಟೆಯಲ್ಲಿ ಮುಗಿಯುತ್ತದೆ. ಹಾರ್ಡ್ ಡಿಸ್ಕಿನ ಬದಲು ಸಾಧಾರಣ ಎಸ್‌ಎಸ್‌ಡಿ ಇದ್ದರೆ ಮುಕ್ಕಾಲು ಗಂಟೆ. ಒಳ್ಳೆಯ ಎನ್‌ವಿಎಂಇ ಎಸ್‌ಎಸ್‌ಡಿಗೆ 10 ಗಿಗಾಬಿಟ್ ಪೋರ್ಟು ಸಿಕ್ಕರೆ ಇಪ್ಪತ್ತೇ ನಿಮಿಷ.

ಎಂಟು ಗಂಟೆಗೂ ಇಪ್ಪತ್ತು ನಿಮಿಷಕ್ಕೂ ನಡುವೆ ಇರುವುದು ಹಣದ ವ್ಯತ್ಯಾಸ ಮಾತ್ರವೆಂದು ಕೊಳ್ಳುವವರು ನಂಬುತ್ತಾರೆ, ಅಂಗಡಿಯವರೂ ಹಾಗೆಯೇ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ದುಬಾರಿ ಎಸ್‌ಎಸ್‌ಡಿ ತಂದು ಮೊಬೈಲ್ ಚಾರ್ಜರಿನ ಕೇಬಲ್ಲಿನಲ್ಲಿ ಜೋಡಿಸಿದವರಿಗೂ ಎಂಟು ಗಂಟೆಯ ಕಾಯುವಿಕೆ ತಪ್ಪುವುದಿಲ್ಲ. ಕಂಪ್ಯೂಟರಿನ ಪೋರ್ಟು, ಕೇಬಲ್, ಡಬ್ಬಿಯೊಳಗಿನ ಚಿಪ್, ಅದರೊಳಗಿನ ಡಿಸ್ಕು, ಎದುರು ತುದಿಯ ಮೆಮೊರಿ ಕಾರ್ಡು ಇವೆಲ್ಲ ಒಂದೇ ಸಾಲಿನಲ್ಲಿ ನಿಂತಿವೆ. ಕೆರೆ ಎಷ್ಟೇ ತುಂಬಿದ್ದರೂ ತೂಬು ಬಿಟ್ಟಷ್ಟೇ ನೀರು ಗದ್ದೆಗೆ. ಈ ಸಾಲಿನಲ್ಲಿ ತೂಬು ಯಾವುದೆಂದು ತಿಳಿಯದೆ ಮಾಡುವ ಖರ್ಚು ದಂಡ. ತಿಳಿದು ಕೊಂಡರೆ ಉಳಿಯುವ ಹಣದಲ್ಲಿ ಇನ್ನೊಂದು ಡಿಸ್ಕು ಬರುತ್ತದೆ. ದೊಡ್ಡ ಫೈಲುಗಳೊಂದಿಗೆ ಬದುಕುವವರಿಗೆ ಬೇಕಿರುವುದು ಆ ಇನ್ನೊಂದು ಡಿಸ್ಕೇ.

ಬಿಟ್ಟು, ಬೈಟು ಮತ್ತು ಹೆಸರುಗಳ ಗೊಂದಲ

ಮೊದಲ ಗೊಂದಲ ಅಳತೆಯದು. ಪೋರ್ಟು, ಕೇಬಲ್ಲುಗಳ ವೇಗವನ್ನು ಕಂಪನಿಗಳು ಗಿಗಾಬಿಟ್‌ನಲ್ಲಿ ಹೇಳುತ್ತವೆ. ಫೈಲಿನ ಗಾತ್ರ, ಕಾಪಿ ಆಗುವ ವೇಗ ಕಾಣಿಸುವುದು ಬೈಟ್‌ಗಳಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು. ‘5 ಗಿಗಾಬಿಟ್’ ಎಂದು ಬರೆದ ಯುಎಸ್‌ಬಿಯಲ್ಲಿ ಸಂಕೇತಗಳ ಹೆಚ್ಚುವರಿ ಹೊರೆ ಕಳೆದರೆ ಉಳಿಯುವುದು ಸೆಕೆಂಡಿಗೆ 500 ಎಂಬಿ; ಬಳಕೆಯಲ್ಲಿ ಸಿಗುವುದು 400ರಿಂದ 450. ‘10 ಗಿಗಾಬಿಟ್’ ಎಂದರೆ ಬಳಕೆಯಲ್ಲಿ ಸುಮಾರು 1,000 ಎಂಬಿ.

ಎರಡನೆಯದು ಹೆಸರುಗಳ ಗೊಂದಲ, ಇದನ್ನು ತಂದಿಟ್ಟದ್ದು ಉದ್ಯಮವೇ. 2000ದಲ್ಲಿ ಬಂದ ಯುಎಸ್‌ಬಿ 2.0 ಸೆಕೆಂಡಿಗೆ 480 ಮೆಗಾಬಿಟ್ಟಿನದು. 2008ರಲ್ಲಿ 5 ಗಿಗಾಬಿಟ್ಟಿನ ಯುಎಸ್‌ಬಿ 3.0 ಬಂತು. 2013ರಲ್ಲಿ 10 ಗಿಗಾಬಿಟ್ಟಿನ 3.1 ಬಂದಾಗ ಹಳೆಯ 3.0ಕ್ಕೆ ‘3.1 ಜೆನ್ 1’ ಎಂದು ಮರುನಾಮಕರಣವಾಯಿತು. 3.2 ಬಂದ ಮೇಲೆ ಅದೇ 5 ಗಿಗಾಬಿಟ್ ‘3.2 ಜೆನ್ 1’ ಆಯಿತು. ವೇಗ ಒಂದೇ, ಹೆಸರು ಮೂರು. ಡಬ್ಬಿಯ ಮೇಲೆ ‘ಯುಎಸ್‌ಬಿ 3.2’ ಎಂದಷ್ಟೇ ಓದಿದವರಿಗೆ ಅದು 5 ಗಿಗಾಬಿಟ್ಟೋ, 10ಓ, 20ಓ ಎಂದು ತಿಳಿಯುವ ದಾರಿಯಿಲ್ಲ. ಈ ಮಾನದಂಡಗಳನ್ನು ನೋಡಿಕೊಳ್ಳುವ ಯುಎಸ್‌ಬಿ ಇಂಪ್ಲಿಮೆಂಟರ್ಸ್ ಫೋರಂ 2022ರಲ್ಲಿ ಎಚ್ಚೆತ್ತು, ಇನ್ನು ಮುಂದೆ ‘ಯುಎಸ್‌ಬಿ 5 ಜಿಬಿಪಿಎಸ್’, ‘ಯುಎಸ್‌ಬಿ 10 ಜಿಬಿಪಿಎಸ್’ ಎಂದು ವೇಗವನ್ನೇ ಹೆಸರಾಗಿಸಿ ಎಂದು ಹೇಳಿತು. ಆದರೂ ಹಳೆಯ ಹೆಸರುಗಳು ಡಬ್ಬಿಗಳಿಂದ ಪೂರ್ತಿ ಮರೆಯಾಗಿಲ್ಲ. ಕೊಳ್ಳುವವರು ಮಾಡಬಹುದಾದದ್ದು ಇಷ್ಟು: 3.0, 3.1, 3.2 ಎಂಬ ಅಂಕಿಗಳನ್ನು ಬಿಟ್ಟು ‘ಎಷ್ಟು ಗಿಗಾಬಿಟ್’ ಎಂಬುದೊಂದನ್ನೇ ಕೇಳುವುದು.

ಮೂರನೆಯದು ಟೈಪ್-ಸಿ ತಂದ ಭ್ರಮೆ. 2014ರಲ್ಲಿ ರೂಪುಗೊಂಡ ಈ ಮೊಳೆ ಯಾವ ಕಡೆಯಿಂದ ಚುಚ್ಚಿದರೂ ಹಿಡಿಸುತ್ತದೆ; ಫೋನು, ಲ್ಯಾಪ್‌ಟಾಪು, ಡಿಸ್ಕು ಎಲ್ಲಕ್ಕೂ ಒಂದೇ. ಆದರೆ ಟೈಪ್-ಸಿ ಎಂಬುದು ಆಕಾರ ಮಾತ್ರ, ವೇಗವಲ್ಲ. ಆ ಒಂದೇ ಆಕಾರದೊಳಗೆ 480 ಮೆಗಾಬಿಟ್ಟಿನ ಹಳೆಯ ಯುಎಸ್‌ಬಿ 2.0ವೂ ಹರಿಯಬಹುದು, 80 ಗಿಗಾಬಿಟ್ಟಿನ ಹೊಸ ಥಂಡರ್‌ಬೋಲ್ಟ್ 5 ಕೂಡ ಹರಿಯಬಹುದು. ಫೋನಿನೊಂದಿಗೆ ಬರುವ ಚಾರ್ಜಿಂಗ್ ಕೇಬಲ್ಲುಗಳಲ್ಲಿ ಬಹುಪಾಲು ಯುಎಸ್‌ಬಿ 2.0 ತಂತಿಗಳಷ್ಟೇ ಇರುತ್ತವೆ. ಎರಡು ಕೇಬಲ್ಲುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರೆ ಬಣ್ಣ, ತುದಿ ಒಂದೇ. ವೇಗದಲ್ಲಿ ಇಪ್ಪತ್ತು ಪಟ್ಟು ವ್ಯತ್ಯಾಸ. ಮುಟ್ಟಿ ನೋಡಿದರೆ ವೇಗದ ಕೇಬಲ್ ಸಾಮಾನ್ಯವಾಗಿ ದಪ್ಪ, ಗಿಡ್ಡ, ಬಾಗಿಸಲು ಬಿರುಸು. ಒಳ್ಳೆಯ ತಯಾರಕರು ಮೊಳೆಯ ಮೇಲೆಯೇ ‘10’, ‘20’, ‘40’ ಎಂದು ಅಂಕಿ ಅಚ್ಚು ಹಾಕುತ್ತಾರೆ. ಆ ಅಂಕಿಯಿಲ್ಲದ ಕೇಬಲ್ಲನ್ನು ಡಿಸ್ಕಿಗೆ ಬಳಸದಿರುವುದೇ ಲೇಸು.

2023ರ ಐಫೋನ್ 15 ಇದಕ್ಕೆ ಒಳ್ಳೆಯ ಉದಾಹರಣೆ. ಆ ವರ್ಷದ ನಾಲ್ಕೂ ಮಾದರಿಗಳಿಗೆ ಟೈಪ್-ಸಿ ಬಂತು. ಆದರೆ ಸಾಮಾನ್ಯ ಮಾದರಿಗಳಲ್ಲಿ ವೇಗ 480 ಮೆಗಾಬಿಟ್ಟಿಗೇ ನಿಂತಿತು, ಪ್ರೊ ಮಾದರಿಗಳಲ್ಲಿ ಮಾತ್ರ 10 ಗಿಗಾಬಿಟ್. ಪ್ರೊ ಕೊಂಡವರಿಗೂ ಡಬ್ಬಿಯೊಳಗೆ ಸಿಕ್ಕಿದ ಕೇಬಲ್ ಯುಎಸ್‌ಬಿ 2.0ದ್ದೇ. ಆ ಫೋನಿನಿಂದ ನೇರವಾಗಿ ಹೊರಗಿನ ಡಿಸ್ಕಿಗೆ 4ಕೆ ಪ್ರೊರೆಸ್ ವಿಡಿಯೊ ತೆಗೆಯಬೇಕೆಂದರೆ ಡಿಸ್ಕು ಸೆಕೆಂಡಿಗೆ ಕನಿಷ್ಠ 220 ಎಂಬಿ ಬರೆಯಬೇಕು, ಕೇಬಲ್ 10 ಗಿಗಾಬಿಟ್ಟಿನದಾಗಿರಬೇಕು ಎಂದು ಆ್ಯಪಲ್ ಸೂಚಿಸುತ್ತದೆ. ಪೋರ್ಟಬಲ್ ಹಾರ್ಡ್ ಡಿಸ್ಕಿಗೆ ಆ ವೇಗ ಹುಟ್ಟುವುದೇ ಇಲ್ಲ. ಇಲ್ಲಿ ಎಸ್‌ಎಸ್‌ಡಿ ಬೇಕೇ ಬೇಕು.

ಡಬ್ಬಿಯೊಳಗೆ ಇರುವುದೇನು?

ಹಾರ್ಡ್ ಡಿಸ್ಕೊಂದರೊಳಗೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಗಳಿವೆ. ತಟ್ಟೆಗೆ ತಾಗದಂತೆ ಗಾಳಿಯ ಪದರದ ಮೇಲೆ ತೇಲುವ ಹೆಡ್ ಓದುತ್ತದೆ, ಬರೆಯುತ್ತದೆ. ಅಂಗೈಯಗಲದ ಎರಡೂವರೆ ಇಂಚಿನ ಡಿಸ್ಕು ಸೆಕೆಂಡಿಗೆ 100ರಿಂದ 140 ಎಂಬಿ ಕೊಡುತ್ತದೆ. ಮೇಜಿನ ಮೇಲಿಡುವ ಮೂರೂವರೆ ಇಂಚಿನದು 150ರಿಂದ 250. ಒಳಸುತ್ತಿಗೆ ಹೋದಂತೆ ಈ ವೇಗವೂ ಇಳಿಯುತ್ತದೆ. ಆದ್ದರಿಂದ ಹಾರ್ಡ್ ಡಿಸ್ಕಿಗೆ 5 ಗಿಗಾಬಿಟ್ಟಿನ ಪೋರ್ಟು ಧಾರಾಳವಾಗಿ ಸಾಕು. ಒಂದೇ ಹಾರ್ಡ್ ಡಿಸ್ಕು ಇರುವ ಡಬ್ಬಿಯ ಮೇಲೆ ‘10 ಗಿಗಾಬಿಟ್’ ಎಂದೋ ‘ಥಂಡರ್‌ಬೋಲ್ಟ್’ ಎಂದೋ ಬರೆದು ಹೆಚ್ಚು ಬೆಲೆ ಕೇಳಿದರೆ ಕೊಡಬೇಕಾಗಿಲ್ಲ.

ಹಾರ್ಡ್ ಡಿಸ್ಕು ಕೊಳ್ಳುವಾಗ ಕೇಳಲೇಬೇಕಾದ, ಆದರೆ ಯಾರೂ ಹೇಳದ ವಿಷಯ ಇನ್ನೊಂದಿದೆ. ಕಡಿಮೆ ಜಾಗದಲ್ಲಿ ಹೆಚ್ಚು ತುಂಬಿಸಲು ಕೆಲವು ಡಿಸ್ಕುಗಳಲ್ಲಿ ಒಂದು ಪಟ್ಟಿಯ ಅಂಚಿನ ಮೇಲೆ ಮುಂದಿನ ಪಟ್ಟಿ ಹಾಸುವಂತೆ ಡೇಟಾ ಬರೆಯುತ್ತಾರೆ. ಎಸ್‌ಎಂಆರ್ ಎಂಬುದು ಇದರ ಹೆಸರು. ಒಂದು ಪಟ್ಟಿಯನ್ನು ತಿದ್ದಬೇಕಾದರೆ ಅದಕ್ಕೆ ತಗುಲಿದ ಪಟ್ಟಿಗಳನ್ನೂ ಮತ್ತೆ ಬರೆಯಬೇಕು. ಸ್ವಲ್ಪ ಸ್ವಲ್ಪ ಬರೆಯುವಾಗ ಏನೂ ಗೊತ್ತಾಗುವುದಿಲ್ಲ. ತುಂಬಿ, ಅಳಿಸಿ, ಮತ್ತೆ ನೂರಾರು ಜಿಬಿ ಸುರಿಯುವಾಗ ವೇಗ ದಢಕ್ಕನೆ ಬೀಳುತ್ತದೆ. ಇನ್ನೊಂದು ಪದ್ಧತಿ ಸಿಎಂಆರ್. ಅಲ್ಲಿ ಪಟ್ಟಿಗಳು ಬೇರೆ ಬೇರೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ‘ರೆಡ್’ ಸರಣಿಯ ಕೆಲವು ಡಿಸ್ಕುಗಳಲ್ಲಿ ಎಸ್‌ಎಂಆರ್ ಇರುವುದನ್ನು ತಿಳಿಸದೆ ಮಾರಿದ್ದು ಬಯಲಾಗಿ ದೊಡ್ಡ ಗಲಾಟೆಯೇ ಆಯಿತು. ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. ಆಮೇಲೆ ಕಂಪನಿಗಳು ಯಾವ ಮಾದರಿಯಲ್ಲಿ ಯಾವ ಪದ್ಧತಿ ಎಂಬ ಪಟ್ಟಿ ಪ್ರಕಟಿಸಿದವು. ಅಂಗೈಯಗಲದ ಪೋರ್ಟಬಲ್ ಡಿಸ್ಕುಗಳಲ್ಲಿ ಹಲವು ಇಂದಿಗೂ ಎಸ್‌ಎಂಆರ್ ಆಗಿವೆ. ಮುಗಿದ ಕೆಲಸವನ್ನು ಒಮ್ಮೆ ತುಂಬಿ ಎತ್ತಿಡಲು ಅವು ಸಾಕು. ದಿನವೂ ಅಳಿಸಿ ಬರೆಯುವ ಕೆಲಸಕ್ಕೆ ಬೇಡ.

ಎಸ್‌ಎಸ್‌ಡಿಗೆ ತಿರುಗುವ ತಟ್ಟೆಯಿಲ್ಲ. ಬಿದ್ದರೂ ಬದುಕುವ ಸಾಧ್ಯತೆ ಹೆಚ್ಚು, ವೇಗವೂ ಹೆಚ್ಚು. ಆದರೆ ಅಲ್ಲಿಯೂ ಡಬ್ಬಿಯ ಮೇಲಿನ ಅಂಕಿ ಮೊದಲ ಕೆಲವು ನಿಮಿಷಗಳದು. ಅಗ್ಗದ ಎಸ್‌ಎಸ್‌ಡಿಗಳು ತಮ್ಮ ಸ್ಮೃತಿಯ ಒಂದು ಭಾಗವನ್ನು ವೇಗದ ಕ್ಯಾಶ್ ಆಗಿ ಇಟ್ಟುಕೊಂಡು ಬಂದ ಡೇಟಾವನ್ನು ಮೊದಲು ಅಲ್ಲಿ ಹಿಡಿಯುತ್ತವೆ. ಅದು ತುಂಬಿದೊಡನೆ ನಿಜವಾದ ವೇಗ ಹೊರಬೀಳುತ್ತದೆ. ಸ್ಯಾಮ್‌ಸಂಗ್ ಕಂಪ್ಯೂಟರಿನ ಒಳಗೆ ಹಾಕುವ ತನ್ನ 870 ಕ್ಯೂವಿಒ ಎಸ್‌ಎಸ್‌ಡಿಯ ವಿವರಪತ್ರದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದೆ: 1 ಟಿಬಿ ಮಾದರಿಯಲ್ಲಿ ಬರೆಯುವ ವೇಗ ಸೆಕೆಂಡಿಗೆ 530 ಎಂಬಿ, 42 ಜಿಬಿಯ ಕ್ಯಾಶ್ ತುಂಬಿದ ಮೇಲೆ 80 ಎಂಬಿ. ಎಂಬತ್ತು ಎಂದರೆ ಹಾರ್ಡ್ ಡಿಸ್ಕಿಗಿಂತ ಕಡಿಮೆ. ಕಚೇರಿಯ ಫೈಲು, ಒಂದೆರಡು ಸಿನಿಮಾ ಕಾಪಿ ಮಾಡುವವರಿಗೆ ಆ ಗೆರೆ ಎಂದೂ ಎದುರಾಗುವುದಿಲ್ಲ. ಒಂದೇ ಸಲಕ್ಕೆ 500 ಜಿಬಿ ಸುರಿಯುವ ವಿಡಿಯೊಗ್ರಾಫರ್‌ಗೆ ಬಹುಪಾಲು ಹೊತ್ತು ಆ ಗೆರೆಯಾಚೆಯೇ ಕಳೆಯುತ್ತದೆ. ಕಾಪಿ ಶುರುವಾದಾಗ ಪರದೆಯ ಮೇಲಿನ ಹಸಿರು ಗ್ರಾಫ್ ಗುಡ್ಡದಂತೆ ಏರಿ, ಕೆಲವು ನಿಮಿಷದಲ್ಲಿ ಕಡಿದಂತೆ ಕೆಳಗಿಳಿದು ನೆಲಕ್ಕಂಟಿ ಸಾಗುವುದನ್ನು ನೋಡಿದವರಿಗೆ ಕಾರಣ ಇದು. ಬಿಸಿಯೂ ಸೇರಿಕೊಳ್ಳುತ್ತದೆ: ಬೆರಳಗಲದ ಎಸ್‌ಎಸ್‌ಡಿ ಕಾದಾಗ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನವಾಗುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಫ್ಯಾನಿಲ್ಲದ ಕೋಣೆಯಲ್ಲಿ ಕೆಲಸ ಮಾಡುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಎದುರು ತುದಿ. ಕ್ಯಾಮೆರಾದಿಂದ ಬರುವ ಎಸ್‌ಡಿ ಕಾರ್ಡು ಯುಎಚ್‌ಎಸ್-1 ಬಗೆಯದಾದರೆ ಆ ದಾರಿಯ ಗರಿಷ್ಠ ಮಿತಿಯೇ ಸೆಕೆಂಡಿಗೆ 104 ಎಂಬಿ. ಕಾರ್ಡಿನಿಂದ ನೇರವಾಗಿ ಇಳಿಸುವಾಗ ಡಿಸ್ಕು 1,000 ಎಂಬಿಯದಾದರೂ, ಥಂಡರ್‌ಬೋಲ್ಟ್ ಇದ್ದರೂ, ಒಂದು ಟಿಬಿಗೆ ಮೂರು ಗಂಟೆ ಹತ್ತಿರ ಹಿಡಿಯುತ್ತದೆ. ಯುಎಚ್‌ಎಸ್-2 ಕಾರ್ಡಿನ ಮಿತಿ 312 ಎಂಬಿ, ಅದಕ್ಕೆ ತಕ್ಕ ರೀಡರ್ ಬೇಕು. ಎಷ್ಟೋ ಸ್ಟುಡಿಯೊಗಳಿಗೆ ಹೊಸ ಎಸ್‌ಎಸ್‌ಡಿಗಿಂತ ಮೊದಲು ಬೇಕಿರುವುದು ಒಳ್ಳೆಯ ಕಾರ್ಡು ಮತ್ತು ರೀಡರ್.

ಥಂಡರ್‌ಬೋಲ್ಟ್ ಯಾರಿಗೆ?

ಇಂಟೆಲ್ ಮತ್ತು ಆ್ಯಪಲ್ ಸೇರಿ 2011ರಲ್ಲಿ ತಂದ ಥಂಡರ್‌ಬೋಲ್ಟ್ 10 ಗಿಗಾಬಿಟ್ಟಿನಿಂದ ಶುರುವಾಗಿ, 2015ರ ಮೂರನೇ ಆವೃತ್ತಿಯಲ್ಲಿ ಟೈಪ್-ಸಿ ಆಕಾರ ಪಡೆದು 40 ಗಿಗಾಬಿಟ್ ಮುಟ್ಟಿತು. 2019ರ ಯುಎಸ್‌ಬಿ4 ಅದೇ ತಂತ್ರದ ಮೇಲೆ ಕಟ್ಟಿದ್ದು. ಹೊರಗಿನ ಡಿಸ್ಕಿನಲ್ಲಿಯೇ ಫೈಲಿಟ್ಟುಕೊಂಡು ನೇರವಾಗಿ ಎಡಿಟ್ ಮಾಡುವವರಿಗೆ, ನಾಲ್ಕಾರು ಕ್ಯಾಮೆರಾದ ದೃಶ್ಯಗಳನ್ನು ಒಟ್ಟಿಗೆ ಓಡಿಸಿ ನೋಡುವವರಿಗೆ, ಹಲವು ಡಿಸ್ಕು ಸೇರಿಸಿದ ರೇಡ್ ಪೆಟ್ಟಿಗೆ ಇರುವವರಿಗೆ ಇದು ಕೊಟ್ಟ ದುಡ್ಡಿಗೆ ಬಾಳುತ್ತದೆ. 4ಕೆ ಪ್ರೊರೆಸ್ 422 ಎಚ್‌ಕ್ಯೂ ವಿಡಿಯೊ ಸೆಕೆಂಡಿಗೆ 30 ಫ್ರೇಮಿನಂತೆ ಗಂಟೆಗೆ ಸುಮಾರು 398 ಜಿಬಿ ನುಂಗುತ್ತದೆ, ಅಂದರೆ ಸೆಕೆಂಡಿಗೆ 110 ಎಂಬಿ. ಇಂಥ ಒಂದು ಪದರವನ್ನು ಓಡಿಸುವಷ್ಟರಲ್ಲೇ ಪೋರ್ಟಬಲ್ ಹಾರ್ಡ್ ಡಿಸ್ಕು ಏದುಸಿರು ಬಿಡುತ್ತದೆ. 10 ಗಿಗಾಬಿಟ್ಟಿನ ಎಸ್‌ಎಸ್‌ಡಿಗೆ ಐದಾರು ಪದರ ಕಷ್ಟವಲ್ಲ. ಅದಕ್ಕೂ ಮೀರಿದ ಕೆಲಸವಿದ್ದವರು ಮಾತ್ರ ಥಂಡರ್‌ಬೋಲ್ಟಿನತ್ತ ನೋಡಲಿ.

ಮದುವೆ, ಯೂಟ್ಯೂಬ್, ಸಾಕ್ಷ್ಯಚಿತ್ರ ಮಾಡುವ ಬಹುಪಾಲು ಜನರಿಗೆ 10 ಗಿಗಾಬಿಟ್ಟಿನ ಯುಎಸ್‌ಬಿಯೇ ಹದವಾದ ಆಯ್ಕೆ. 20 ಗಿಗಾಬಿಟ್ ಎಂದು ಮಾರುವ ‘ಜೆನ್ 2×2’ ಡಿಸ್ಕುಗಳ ಬಗ್ಗೆ ಎಚ್ಚರ ಬೇಕು. ಈ ಬಗೆಯ ಪೋರ್ಟು ಬಹುತೇಕ ಲ್ಯಾಪ್‌ಟಾಪುಗಳಲ್ಲಿಲ್ಲ. ಮ್ಯಾಕ್‌ಗಳಿಗೆ ಜೋಡಿಸಿದರೆ ವೇಗ 10ಕ್ಕೆ ಇಳಿಯುತ್ತದೆ. ಹೆಚ್ಚಿಗೆ ಕೊಟ್ಟ ಹಣಕ್ಕೆ ಪ್ರತಿಫಲ ಸೊನ್ನೆ.

ಆಯ್ಕೆಯಲ್ಲಿ ಆಯುಷ್ಯದ ಪ್ರಶ್ನೆಯೂ ಇದೆ. ವಿಡಿಯೊ ಟೇಪಿನ ಕಾಲದಲ್ಲಿ ಫೈರ್‌ವೈರ್ ಇಲ್ಲದೆ ಸ್ಟುಡಿಯೊ ನಡೆಯುತ್ತಿರಲಿಲ್ಲ. ಈಗಿನ ಲ್ಯಾಪ್‌ಟಾಪುಗಳಲ್ಲಿ ಆ ಪೋರ್ಟೇ ಇಲ್ಲ. ಇಸಾಟಾ ಬಂತು, ಹೋಯಿತು. ಯುಎಸ್‌ಬಿ ಮಾತ್ರ ಹಿಂದಿನದನ್ನು ಕೈಬಿಟ್ಟಿಲ್ಲ. ಇಪ್ಪತ್ತು ವರ್ಷ ಹಳೆಯ ಯುಎಸ್‌ಬಿ ಡಿಸ್ಕು ಒಂದು ಸಣ್ಣ ಅಡಾಪ್ಟರ್ ಸಿಕ್ಕರೆ ಇಂದಿನ ಲ್ಯಾಪ್‌ಟಾಪಿನಲ್ಲೂ ತೆರೆಯುತ್ತದೆ. ಥಂಡರ್‌ಬೋಲ್ಟ್ 3ಕ್ಕಷ್ಟೇ ಹೊಂದುವ ಕೆಲವು ಎಸ್‌ಎಸ್‌ಡಿಗಳು ಸಾಮಾನ್ಯ ಯುಎಸ್‌ಬಿ ಪೋರ್ಟಿನಲ್ಲಿ ಕಣ್ಣು ಬಿಡುವುದೇ ಇಲ್ಲ. ವರ್ಷಗಟ್ಟಲೆ ಇಡಬೇಕಾದ ಡೇಟಾಕ್ಕೆ ಯುಎಸ್‌ಬಿಯೇ ಸರಿ.

ಫಾರ್ಮ್ಯಾಟ್, ಕರೆಂಟು, ಎತ್ತರ

ಡಿಸ್ಕು ತಂದ ಮೊದಲ ದಿನ ನೋಡಬೇಕಾದ್ದು ಫಾರ್ಮ್ಯಾಟ್. ಹಳೆಯ ಫ್ಯಾಟ್32 ಪದ್ಧತಿ 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಸೇರಿಸಿಕೊಳ್ಳುವುದಿಲ್ಲ. ಮೇಲೆ ಹೇಳಿದ ಕ್ಯಾಮೆರಾದಲ್ಲಿ ಆರು ನಿಮಿಷದ ವಿಡಿಯೊ ಆ ಮಿತಿ ದಾಟುತ್ತದೆ. ಡಿಸ್ಕಿನಲ್ಲಿ ನೂರಾರು ಜಿಬಿ ಖಾಲಿಯಿದ್ದೂ ‘ಜಾಗವಿಲ್ಲ’, ‘ಫೈಲ್ ದೊಡ್ಡದು’ ಎಂಬ ಸಂದೇಶ ಬಂದರೆ ಕಾರಣ ಇದೇ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ತಾನಾಗಿ ಅದರಲ್ಲಿ ಬರೆಯುವುದಿಲ್ಲ. ಎರಡೂ ಕಡೆ ಓಡಾಡುವ ಡಿಸ್ಕಿಗೆ ಎಕ್ಸ್‌ಫ್ಯಾಟ್ ಅನುಕೂಲ. ಅದಕ್ಕೊಂದು ಕೊರತೆಯಿದೆ: ಬರೆಯುವ ನಡುವೆ ತಂತಿ ಕಿತ್ತರೆ ಎಲ್ಲಿಗೆ ನಿಂತಿತ್ತೆಂಬ ದಿನಚರಿಯನ್ನು ಅದು ಇಟ್ಟುಕೊಂಡಿರುವುದಿಲ್ಲ. ಮೂರೂವರೆ ಇಂಚಿನ ಡಿಸ್ಕಿಗೆ ಗೋಡೆಯ ಕರೆಂಟೇ ಬೇಕಾದ್ದರಿಂದ ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಯುಪಿಎಸ್ ಇಲ್ಲದೆ ಅದನ್ನು ಬಳಸುವುದು ಅಪಾಯ. ಲ್ಯಾಪ್‌ಟಾಪಿನಿಂದಲೇ ಕರೆಂಟು ಪಡೆಯುವ ಎರಡೂವರೆ ಇಂಚಿನದಕ್ಕೆ ಆ ಭಯವಿಲ್ಲ.

ಪ್ರವಾಸಿಗರಿಗೆ ಇನ್ನೊಂದು ಮಾತು. ಹಾರ್ಡ್ ಡಿಸ್ಕಿನ ಹೆಡ್ ತೇಲುವುದು ಗಾಳಿಯ ಮೇಲಾದ್ದರಿಂದ ಗಾಳಿ ತೆಳುವಾದಲ್ಲಿ ಅದು ತಟ್ಟೆಗೆ ಉಜ್ಜುವ ಅಪಾಯವಿದೆ. ಸಾಮಾನ್ಯ ಡಿಸ್ಕುಗಳಿಗೆ ತಯಾರಕರು ಕೊಡುವ ಎತ್ತರದ ಮಿತಿ ಸುಮಾರು 3,000 ಮೀಟರ್. 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ ಚಿಂತೆಯಿಲ್ಲ. 3,500 ಮೀಟರಿನ ಲೇಹ್‌ಗೆ ಬೈಕ್ ಏರಿಸುವ ನಮ್ಮ ಹುಡುಗರು ಎಸ್‌ಎಸ್‌ಡಿ ಒಯ್ಯುವುದೇ ಸರಿ. ಕಪ್ಪುರಂಧ್ರದ ಮೊದಲ ಚಿತ್ರ ತೆಗೆದ ಈವೆಂಟ್ ಹೊರೈಜನ್ ಟೆಲಿಸ್ಕೋಪ್ ತಂಡಕ್ಕೂ ಈ ತೊಡಕು ಎದುರಾಗಿತ್ತು. ದೂರದರ್ಶಕಗಳು ಎತ್ತರದ ಪರ್ವತಗಳ ಮೇಲಿದ್ದುದರಿಂದ ಹೀಲಿಯಂ ತುಂಬಿ ಮುದ್ರೆಯೊತ್ತಿದ ಹಾರ್ಡ್ ಡಿಸ್ಕುಗಳನ್ನೇ ಅವರು ಬಳಸಿದರು. 2017ರ ಏಪ್ರಿಲ್‌ನಲ್ಲಿ ಸಂಗ್ರಹವಾದ ಡೇಟಾ ಐದು ಪೆಟಾಬೈಟ್‌ನಷ್ಟು, ಡಿಸ್ಕುಗಳ ತೂಕ ಅರ್ಧ ಟನ್. ಇಂಟರ್‌ನೆಟ್ಟಿನಲ್ಲಿ ಕಳಿಸುವ ಮಾತೇ ಇರಲಿಲ್ಲ. ವಿಮಾನದಲ್ಲಿ ಹೊತ್ತು ತಂದರು. ದಕ್ಷಿಣ ಧ್ರುವದ ಡಿಸ್ಕುಗಳು ಅಲ್ಲಿಯ ಚಳಿಗಾಲ ಕಳೆದು ವಿಮಾನ ಹಾರುವವರೆಗೆ ಕಾದು, ಆ ವರ್ಷದ ಡಿಸೆಂಬರಿನಲ್ಲಿ ತಲುಪಿದವು. 2019ರ ಏಪ್ರಿಲ್ 10ರಂದು ಚಿತ್ರ ಲೋಕದ ಮುಂದೆ ಬಂತು.

ಮನೆಯ ಲೆಕ್ಕವೂ ಬೇರೆಯಲ್ಲ. ಸೆಕೆಂಡಿಗೆ 100 ಮೆಗಾಬಿಟ್ಟಿನ ಫೈಬರ್ ಸಂಪರ್ಕ ಎಡೆಬಿಡದೆ ಅದೇ ವೇಗದಲ್ಲಿ ಓಡಿದರೂ ಒಂದು ಟಿಬಿ ಮೇಲೇರಿಸಲು 22 ಗಂಟೆ ಬೇಕು. ಹಾಗಾಗಿ ಕ್ಲೌಡ್ ಇರುವಾಗ ಡಿಸ್ಕು ಯಾಕೆ ಎಂಬ ಪ್ರಶ್ನೆಗೆ ದೊಡ್ಡ ಫೈಲಿನವರ ಮಟ್ಟಿಗೆ ಅರ್ಥವಿಲ್ಲ.

ಎರಡನೇ ಡಿಸ್ಕು

ಯಾವ ಡಿಸ್ಕೂ ಶಾಶ್ವತವಲ್ಲ. ಲಕ್ಷಾಂತರ ಡಿಸ್ಕುಗಳನ್ನು ಓಡಿಸುವ ಬ್ಯಾಕ್‌ಬ್ಲೇಜ್ ಕಂಪನಿ 2013ರಿಂದ ತನ್ನ ಡಿಸ್ಕುಗಳ ಲೆಕ್ಕವನ್ನು ಬಹಿರಂಗವಾಗಿ ಕೊಡುತ್ತಿದೆ. ಈಚಿನ ವರ್ಷಗಳಲ್ಲಿ ವರ್ಷಕ್ಕೆ ನೂರರಲ್ಲಿ ಒಂದೆರಡು ಕೆಡುತ್ತವೆ. ಅದು ತಂಪಾದ, ಅಲುಗಾಡದ ಡೇಟಾ ಕೇಂದ್ರದ ಮಾತು. ಬಸ್ಸಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ತಿರುಗುವ ಡಿಸ್ಕಿನ ಪಾಡು ಅದಕ್ಕಿಂತ ಕಷ್ಟದ್ದು. ಎಸ್‌ಎಸ್‌ಡಿ ಎಂದರೆ ನಿಶ್ಚಿಂತೆ ಎನ್ನುವವರು 2023ನ್ನು ನೆನೆಯಬೇಕು. ಛಾಯಾಗ್ರಾಹಕರ ಅಚ್ಚುಮೆಚ್ಚಿನ ಸ್ಯಾನ್‌ಡಿಸ್ಕ್ ಎಕ್ಸ್‌ಟ್ರೀಮ್ ಸರಣಿಯ ಕೆಲವು ಎಸ್‌ಎಸ್‌ಡಿಗಳಲ್ಲಿ ಡೇಟಾ ಇದ್ದಕ್ಕಿದ್ದಂತೆ ಕಾಣೆಯಾದ ದೂರುಗಳು ಬಂದವು. ಕಂಪನಿ ಫರ್ಮ್‌ವೇರ್ ತಿದ್ದುಪಡಿ ಬಿಡುಗಡೆ ಮಾಡಬೇಕಾಯಿತು, ಅಮೆರಿಕದಲ್ಲಿ ಮೊಕದ್ದಮೆಗಳು ದಾಖಲಾದವು. ಎಸ್‌ಎಸ್‌ಡಿಯನ್ನು ಕರೆಂಟಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಡುವುದೂ ಸರಿಯಲ್ಲ. ಬರೆಯುವ ಆಯುಷ್ಯ ಮುಗಿಸಿದ ಸಾಮಾನ್ಯ ಎಸ್‌ಎಸ್‌ಡಿ 30 ಡಿಗ್ರಿ ಶಾಖದಲ್ಲಿ ಒಂದು ವರ್ಷ ಡೇಟಾ ಹಿಡಿದಿಟ್ಟರೆ ಸಾಕು ಎಂಬುದು ಚಿಪ್ ಉದ್ಯಮದ ಮಾನದಂಡ ಸಂಸ್ಥೆಯಾದ ಜೆಡೆಕ್‌ನ ಅಪೇಕ್ಷೆ. ಎತ್ತಿಡಲು ಹಾರ್ಡ್ ಡಿಸ್ಕು, ದುಡಿಯಲು ಎಸ್‌ಎಸ್‌ಡಿ ಎಂಬ ಹಂಚಿಕೆ ಇದರಿಂದ ಬಂದದ್ದು.

ಡಿಸ್ಕಿಗೆ ಕೊಡುವ ಮೂರು ವರ್ಷದ ವಾರಂಟಿ ಹೊಸ ಡಿಸ್ಕನ್ನು ತಂದುಕೊಡುತ್ತದೆ, ಕಳೆದ ಮದುವೆಯನ್ನಲ್ಲ. ಛಾಯಾಗ್ರಾಹಕ ಪೀಟರ್ ಕ್ರೋಗ್ ತಮ್ಮ ಪುಸ್ತಕದ ಮೂಲಕ ಪ್ರಚಾರಕ್ಕೆ ತಂದ 3-2-1 ಸೂತ್ರ ಹುಟ್ಟಿದ್ದೇ ಇಂಥ ಕೆಲಸದ ನಡುವೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಸ್ಥಳದಲ್ಲಿ. ಕನ್ನಡಿಗರಿಗೆ ಇದನ್ನು ಬೇರೆಯವರಿಂದ ಕಲಿಯಬೇಕಾದ ಅಗತ್ಯವೇ ಇರಬಾರದು. 1934ರಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ಸಿಗುವುದಿಲ್ಲ. ಆಗ ಒಂದು ಪ್ರತಿ ತೆಗೆಯುವುದೆಂದರೆ ಅಷ್ಟುದ್ದದ ಫಿಲ್ಮು, ಲ್ಯಾಬಿನ ಖರ್ಚು. ಈಗ ಅಂಗೈಯಗಲದ ಡಿಸ್ಕು ಮತ್ತು ಒಂದು ರಾತ್ರಿ ಸಾಕು. ಊರಿನ ಯಕ್ಷಗಾನ ಮೇಳದ ಇಡೀ ರಾತ್ರಿಯ ಆಟವನ್ನು, ಅಜ್ಜಿಯ ಸೋಬಾನೆ ಪದವನ್ನು ದಾಖಲಿಸಿ ಒಂದೇ ಡಿಸ್ಕಿನಲ್ಲಿಟ್ಟು ಕಳೆದುಕೊಂಡರೆ ಅದು ಬಡತನದ ಮಾತಾಗದು, ಅಜಾಗರೂಕತೆಯದಾಗುತ್ತದೆ.

ಲೇಬಲ್ ಬೇಕು

ಎಲ್ಲ ಹೊಣೆಯನ್ನೂ ಕೊಳ್ಳುವವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಫ್ರಿಜ್ ಕೊಳ್ಳುವ ಗೃಹಿಣಿಗೆ ವಿದ್ಯುತ್ ಮಿತವ್ಯಯದ ಅಷ್ಟೂ ಶಾಸ್ತ್ರ ಗೊತ್ತಿರಬೇಕೆಂದು ಯಾರೂ ಕೇಳುವುದಿಲ್ಲ; ಬಾಗಿಲ ಮೇಲೆ ಅಂಟಿಸಿದ ನಕ್ಷತ್ರದ ಲೇಬಲ್ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಹೇಳುತ್ತದೆ. ಡಿಸ್ಕಿನ ಡಬ್ಬಿಯ ಮೇಲೂ ನಾಲ್ಕು ಸಾಲು ಕಡ್ಡಾಯವಾಗಬೇಕು: ಕ್ಯಾಶ್ ತುಂಬಿದ ನಂತರ ಬರೆಯುವ ವೇಗ ಎಷ್ಟು, ಹಾರ್ಡ್ ಡಿಸ್ಕಾದರೆ ಎಸ್‌ಎಂಆರೋ ಸಿಎಂಆರೋ, ಒಳಗಿರುವ ಕೇಬಲ್ ಎಷ್ಟು ಗಿಗಾಬಿಟ್ಟಿನದು, ಆ ವೇಗಕ್ಕೆ ಯಾವ ಪೋರ್ಟು ಬೇಕು. ಟೈಪ್-ಸಿಯನ್ನು ಭಾರತೀಯ ಮಾನದಂಡವಾಗಿ ಭಾರತೀಯ ಮಾನಕ ಸಂಸ್ಥೆ ಈಗಾಗಲೇ ಪ್ರಕಟಿಸಿದೆ. ಆಕಾರ ಒಂದಾಗುವ ದಾರಿ ತೆರೆಯಿತು. ಕೇಬಲ್ಲಿನ ಮೈಮೇಲೆ ವೇಗ ಬರೆಯಿಸುವುದು ಅದರ ಮುಂದಿನ ಹೆಜ್ಜೆಯಾಗಬೇಕು. ‘ಗರಿಷ್ಠ 1,050 ಎಂಬಿ ವರೆಗೆ’ ಎಂದು ದೊಡ್ಡಕ್ಷರದಲ್ಲಿ ಬರೆದು ಅದು ಎಷ್ಟು ಹೊತ್ತಿನ ವೇಗ ಎಂಬುದನ್ನು ಮುಚ್ಚಿಡುವುದು ತಪ್ಪುದಾರಿಗೆಳೆಯುವ ಜಾಹೀರಾತು ಹೌದೋ ಅಲ್ಲವೋ ಎಂದು 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ರಚನೆಯಾದ ಕೇಂದ್ರ ಪ್ರಾಧಿಕಾರ ತೀರ್ಮಾನಿಸಬೇಕು.

ಇನ್ನೂ ತುರ್ತಾದದ್ದು ನಕಲಿಗಳ ಕಾಟ. ‘16 ಟಿಬಿ ಎಸ್‌ಎಸ್‌ಡಿ’ ಎಂದು ಆನ್‌ಲೈನ್‌ನಲ್ಲಿ ಕೆಲವೇ ಸಾವಿರಕ್ಕೆ ಮಾರುವ ಲೋಹದ ಡಬ್ಬಿಗಳನ್ನು ಬಿಚ್ಚಿದವರಿಗೆ ಒಳಗೆ ಸಿಕ್ಕಿದ್ದು ಅಂಟು ಹಾಕಿ ಕೂರಿಸಿದ ಮೆಮೊರಿ ಕಾರ್ಡು. ಅದರ ಚಿಪ್ ಕಂಪ್ಯೂಟರಿಗೆ 16 ಟಿಬಿ ಎಂದೇ ಹೇಳುತ್ತದೆ. ನಿಜವಾದ ಜಾಗ ತುಂಬಿದ ಮೇಲೂ ಕಾಪಿ ನಡೆದಂತೆಯೇ ಕಾಣುತ್ತದೆ, ಫೈಲಿನ ಹೆಸರೂ ಕಾಣುತ್ತದೆ, ತೆರೆದರೆ ಒಳಗೇನೂ ಇಲ್ಲ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್–ಮ್ಯಾಕ್‌ಗೆ ಎಫ್3 ಎಂಬ ಉಚಿತ ತಂತ್ರಾಂಶಗಳು ಡಿಸ್ಕನ್ನು ಪೂರ್ತಿ ತುಂಬಿ, ಓದಿ, ನಿಜವಾದ ಅಳತೆ ಹೇಳುತ್ತವೆ. ಹೊಸ ಡಿಸ್ಕಿನ ಮೇಲೆ, ವಾಪಸು ಕೊಡುವ ಅವಧಿ ಮುಗಿಯುವ ಮೊದಲೇ ಇವನ್ನು ಓಡಿಸಬೇಕು. ಅಂದಹಾಗೆ 1 ಟಿಬಿ ಡಿಸ್ಕು ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಾಣುವುದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುವುದರಿಂದ ಬಂದ ವ್ಯತ್ಯಾಸ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಊರಿನ ಕಂಪ್ಯೂಟರ್ ಅಂಗಡಿಯಲ್ಲಾಗಲಿ ಡಿಸ್ಕು ಕೊಳ್ಳಲು ಹೋಗುವ ಮುನ್ನ ತಮ್ಮ ಕಂಪ್ಯೂಟರಿನ ಪೋರ್ಟು ಎಷ್ಟು ಗಿಗಾಬಿಟ್ಟಿನದೆಂದು ಮಾದರಿ ಸಂಖ್ಯೆ ಹಿಡಿದು ನೋಡಿಕೊಂಡು ಹೋಗುವುದು ಒಳ್ಳೆಯದು. ಫೋಟೊ, ಲೆಕ್ಕಪತ್ರ, ಮುಗಿದ ಕೆಲಸ ಎತ್ತಿಡುವವರಿಗೆ 5 ಗಿಗಾಬಿಟ್ಟಿನ ಎರಡು ಹಾರ್ಡ್ ಡಿಸ್ಕು ಸಾಕು. ಒಂದು ಮನೆಯಲ್ಲಿ, ಇನ್ನೊಂದು ಅಣ್ಣನ ಮನೆಯಲ್ಲೋ ಕಚೇರಿಯಲ್ಲೋ ಇರಲಿ. ಎಡಿಟ್ ಮಾಡುವವರಿಗೆ 10 ಗಿಗಾಬಿಟ್ಟಿನ 1 ಅಥವಾ 2 ಟಿಬಿ ಎಸ್‌ಎಸ್‌ಡಿ, ಅಂಕಿ ಬರೆದ ಕೇಬಲ್, ಜೊತೆಗೆ ಕೆಲಸ ಮುಗಿದ ಮೇಲೆ ಇಳಿಸಿಡಲು ಮೂರೂವರೆ ಇಂಚಿನ ದೊಡ್ಡ ಸಿಎಂಆರ್ ಹಾರ್ಡ್ ಡಿಸ್ಕು. ಥಂಡರ್‌ಬೋಲ್ಟಿಗೆಂದು ಎತ್ತಿಟ್ಟ ಹಣ ಇದ್ದರೆ ಅದು ಮೊದಲು ಆ ದೊಡ್ಡ ಡಿಸ್ಕಿನ ಜೋಡಿಗೆ ಹೋಗಲಿ. ಮದುವೆ ಸ್ಟುಡಿಯೊಗಳು ಗ್ರಾಹಕರಿಗೆ ಕೊಡುವ ಕರಾರಿನಲ್ಲಿ ಎಷ್ಟು ಪ್ರತಿ, ಎಷ್ಟು ತಿಂಗಳು ಇಡುತ್ತೇವೆ ಎಂದು ಬರೆಯುವ ರೂಢಿ ಶುರುವಾಗಬೇಕು. ಮದುಮಕ್ಕಳ ಮನೆಯವರೂ ಮುಂಗಡ ಕೊಡುವ ದಿನವೇ ಅದನ್ನು ಕೇಳಬೇಕು.